ಸ್ಕೋಪು ಹೊಸದು, ಕೋವಿ ಹಳೆಯದೇ: ಗುರಿ ಮಾತ್ರ ಯಾಕೆ ತಪ್ಪುತ್ತದೆ?

"ಭಾವಾ, ಸ್ಕೋಪು ಹಾಳಾಗೋಜು."

2024ರ ದೀಪಾವಳಿ ಕಳೆದ ವಾರ ಶಿರಸಿ ಕಡೆಯ ನಮ್ಮ ಭಾವ ಫೋನಿನಲ್ಲಿ ಹೇಳಿದ ಮೊದಲ ಮಾತು ಇದು, ಸ್ಕೋಪು ಹಾಳಾಗಿದೆ ಎಂದು. ಅವನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು .22 (ಇಂಚಿನಲ್ಲಿ ನಳಿಕೆಯ ತೂತಿನ ಅಳತೆ) ರೈಫಲ್ ಇದೆ. ಅದರ ಮೇಲೆ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪು, ಅಂದರೆ ಗುರಿ ನೋಡುವ ದುರ್ಬೀನು. ಲೋಕಸಭಾ ಚುನಾವಣೆಗೆ ಮೊದಲು ಎಲ್ಲರಂತೆ ಅವನೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದ. ಜೂನ್‌ನಲ್ಲಿ ವಾಪಸ್ ಬಂತು. ಆಗಲೇ ಮಳೆ ಹಿಡಿದಿತ್ತು. ಕ್ಯಾನ್ವಾಸ್ ಚೀಲದಲ್ಲೇ ಸುತ್ತಿ ಒಳಗಿಟ್ಟ. ಮಳೆಗಾಲ ಮುಗಿದ ಮೇಲೆ ರೇಂಜಿಗೆ (ಗುರಿ ಅಭ್ಯಾಸದ ಜಾಗಕ್ಕೆ) ಒಯ್ದು ಹೊಡೆದರೆ, ಮೊದಲು ಹತ್ತು ರೂಪಾಯಿ ನಾಣ್ಯದೊಳಗೆ ಕೂರುತ್ತಿದ್ದ ಗುಂಡುಗಳು ಈಗ ತೆಂಗಿನಕಾಯಿಯಷ್ಟು ಜಾಗದಲ್ಲಿ ಹರಡಿಕೊಂಡವು. ಹೊಸ ಸ್ಕೋಪು ತರಿಸಿದ. ಅದರಲ್ಲೂ ಅದೇ ಕತೆ.

ಅವನೊಬ್ಬನದೇ ಅಲ್ಲ. ಚುನಾವಣೆ, ಮಳೆಗಾಲ ಎರಡೂ ಒಟ್ಟಿಗೆ ಬಂದ ವರ್ಷ ಇಂಥ ಫೋನು ಜಾಸ್ತಿ. ಏರ್ ರೈಫಲ್ ತೆಗೆದುಕೊಂಡ ಹುಡುಗರೂ ಇದನ್ನೇ ಕೇಳುತ್ತಾರೆ. ಹಾಗಾಗಿ ಬುಡದಿಂದ ಹೇಳುತ್ತೇನೆ.

## ಮೊದಲು ಕಾನೂನಿನ ಮಾತು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಶಿಕಾರಿ ಅಪರಾಧ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಶಿಕಾರಿಯ ಲೈಸೆನ್ಸ್ ಅಲ್ಲ. ಏರ್ ರೈಫಲ್ಲಿನ ವಿಷಯದಲ್ಲೂ ಹೀಗೇ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ನಳಿಕೆಯ ತೂತು 4.5 ಮಿ.ಮೀ. ದಾಟದಿದ್ದರೆ ಮತ್ತು ಶಕ್ತಿ 20 ಜೂಲ್ ಮೀರದಿದ್ದರೆ ಲೈಸೆನ್ಸ್ ಬೇಕಿಲ್ಲ. ಆದರೆ ಅದರಿಂದ ಹಕ್ಕಿಗೋ ಮಂಗನಿಗೋ ಹೊಡೆಯಬಹುದು ಎಂದು ಅರ್ಥವಲ್ಲ. ಇಲ್ಲಿ ಹೇಳುವುದೆಲ್ಲ ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆಯುವ ಮಾತು.

ಇನ್ನೊಂದು. ಸ್ಕ್ರೂ ಮುಟ್ಟುವ ಮೊದಲು ಬೋಲ್ಟ್ (ನಳಿಕೆಯ ಹಿಂಬಾಯಿ ಮುಚ್ಚುವ ಚಿಲಕ) ತೆಗೆದು ನಳಿಕೆ ಖಾಲಿ ಇದೆಯಾ ಎಂದು ಕಣ್ಣಿಂದ ನೋಡಿ. "ಖಾಲಿ ಇದೆ, ನಂಗೊತ್ತು" ಎನ್ನುವವರ ಕೋವಿಯನ್ನೂ ಬಿಚ್ಚಿ ನೋಡಬೇಕು.

## ಗುಂಪು ಬೇರೆ, ಗುರಿ ಬೇರೆ

"ಗುರಿ ತಪ್ಪುತ್ತಿದೆ" ಎನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಒಂದೇ ಚುಕ್ಕೆಗೆ ಗುರಿಯಿಟ್ಟು ಐದು ಗುಂಡು ಹೊಡೆಯಿರಿ. ಐದೂ ಒಂದೇ ಕಡೆ ಒತ್ತಾಗಿ ಬಿದ್ದಿವೆ, ಆದರೆ ಚುಕ್ಕೆಯಿಂದ ಮೂರು ಇಂಚು ಎಡಕ್ಕೆ. ಇದು ಹೆದರುವ ವಿಷಯವೇ ಅಲ್ಲ. ಕೋವಿ ಹೇಳಿದ ಕೆಲಸವನ್ನೇ ಮಾಡುತ್ತಿದೆ, ನಾವು ತಪ್ಪು ಜಾಗ ಹೇಳಿದ್ದೇವೆ ಅಷ್ಟೇ. ಸ್ಕೋಪಿನ ಮೇಲೆ ಮತ್ತು ಪಕ್ಕದಲ್ಲಿ ಇರುವ ತಿರುಪುಗಳನ್ನು ತಿರುಗಿಸಿ ಸರಿಮಾಡಬಹುದು. ಇದಕ್ಕೆ ಝೀರೋ ಮಾಡುವುದು ಎನ್ನುತ್ತಾರೆ.

ಐದು ಗುಂಡು ಐದು ಕಡೆ ಹೋದರೆ ಮಾತು ಬೇರೆ. ಆಗ ತಿರುಪು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಹರಡಿದ ಗುಂಪನ್ನು ಅತ್ತ ಇತ್ತ ಸರಿಸಬಹುದು, ಒತ್ತಾಗಿ ಮಾಡಲು ಬರುವುದಿಲ್ಲ. ಅಂಗಳದಲ್ಲಿ ಹರಡಿದ ಅಡಿಕೆಯನ್ನು ಚಾಪೆ ಸಮೇತ ಎಳೆದ ಹಾಗೆ. ಜಾಗ ಬದಲಾಯಿತು, ಅಡಿಕೆ ಹರಡಿಯೇ ಇದೆ.

ಬಹಳ ಜನ ಎಡವುವುದು ಇಲ್ಲೇ. ಒಂದು ಗುಂಡು ಹೊಡೆಯುವುದು, ಎಡಕ್ಕೆ ಹೋಯಿತು ಎಂದು ತಿರುಪು ಬಲಕ್ಕೆ ತಿರುಗಿಸುವುದು. ಮುಂದಿನದು ಬಲಕ್ಕೆ ಹೋಯಿತು ಎಂದು ಮತ್ತೆ ಎಡಕ್ಕೆ. ಸಂಜೆ ಹೊತ್ತಿಗೆ ತೋಟಾ ಖಾಲಿ, ತಲೆಬಿಸಿ ಮಾತ್ರ ಬಾಕಿ. ಐದು ಗುಂಡು ಬೀಳುವವರೆಗೆ ತಿರುಪಿಗೆ ಕೈ ಹಾಕಬೇಡಿ. ಮೂರು ಗುಂಡಿನ ಗುಂಪನ್ನೂ ನಾನು ನಂಬುವುದಿಲ್ಲ. ಮೂರು ಗುಂಡು ಸುಮ್ನೆ ಅದೃಷ್ಟದಿಂದಲೂ ಒಟ್ಟಿಗೆ ಬೀಳುತ್ತವೆ.

ಹೊಡೆಯುವುದು ಕೈಯಲ್ಲಿ ಹಿಡಿದಲ್ಲ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಅದರ ಮೇಲೆ ಕೋವಿಯ ಮರ ಕೂರಿಸಿ, ಸಮಾಧಾನದಿಂದ. ಚೀಲ ತಾಗಬೇಕಾದ್ದು ಮರಕ್ಕೆ, ನಳಿಕೆಗೆ ಅಲ್ಲ. ನಳಿಕೆಯನ್ನೇ ಚೀಲದ ಮೇಲೆ ಒರಗಿಸಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ.

## ದೋಟಿಯ ಲೆಕ್ಕ

ಇಷ್ಟು ಚಿಕ್ಕ ದೋಷಕ್ಕೆ ಅಷ್ಟು ದೊಡ್ಡ ವ್ಯತ್ಯಾಸವಾ ಎಂದು ಕೇಳುವವರಿಗೆ ಅಡಿಕೆ ಕೊಯ್ಯುವ ಫೈಬರ್ ದೋಟಿಯೇ ಉತ್ತರ. ನಿಮ್ಮ ಎರಡು ಕೈಗಳ ನಡುವೆ ಮೂರು ಅಡಿ ಇದೆ, ಮೇಲಿನ ಕೈಯಿಂದ ದೋಟಿಯ ತುದಿಗೆ 48 ಅಡಿ ಎಂದುಕೊಳ್ಳಿ. ಕೆಳಗಿನ ಕೈ ಒಂದು ಇಂಚು ಸರಿದರೆ ಮೇಲೆ ಕತ್ತಿ 16 ಇಂಚು ಸರಿಯುತ್ತದೆ. ಪಕ್ಕದ ಮರದ ಅಡಿಕೆಗೊನೆಯೇ ಬಂದೀತು.

ರೈಫಲ್ಲಿನಲ್ಲೂ ಇದೇ ಲೆಕ್ಕ. ಸ್ಕೋಪನ್ನು ಹಿಡಿದಿಡುವ ಎರಡು ಬಳೆಗಳ ನಡುವೆ ಸುಮಾರು 12 ಸೆಂ.ಮೀ. ಅಂತರ. ಹಿಂದಿನ ಬಳೆಯಲ್ಲಿ ಸ್ಕೋಪು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಂದರೆ ಕಾಗದದ ಹಾಳೆಯ ದಪ್ಪದಷ್ಟು ಸರಿದರೆ ಸಾಕು. 50 ಮೀಟರ್ ದೂರದಲ್ಲಿ ಗುರಿ ನಾಲ್ಕು ಸೆಂಟಿಮೀಟರ್ ತಪ್ಪುತ್ತದೆ.

ಅದಕ್ಕೇ ಕೋವಿಯವರು ಗುಂಪನ್ನು ಕೋನದಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲಿಗೆ ಎಂಒಎ ಎಂದು ಹೆಸರು. 100 ಮೀಟರಿನಲ್ಲಿ ಇದು 29 ಮಿ.ಮೀ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಇರುವುದರಿಂದ ಹೆಚ್ಚುಕಡಿಮೆ ಅಷ್ಟೇ. 50 ಮೀಟರಿನಲ್ಲಿ ಅದರ ಅರ್ಧ. ಸ್ಕೋಪಿನ ತಿರುಪು ತಿರುಗಿಸುವಾಗ ಟಿಕ್ ಟಿಕ್ ಅನ್ನುತ್ತದಲ್ಲ, ಸಾಮಾನ್ಯವಾಗಿ ಒಂದೊಂದು ಟಿಕ್ ಕಾಲು ಎಂಒಎ. ಅಂದರೆ 50 ಮೀಟರಿನಲ್ಲಿ 3.6 ಮಿ.ಮೀ. ಗುಂಪು 36 ಮಿ.ಮೀ. ಕೆಳಗಿದ್ದರೆ ಹತ್ತು ಟಿಕ್ ಮೇಲಕ್ಕೆ. ಆದರೆ ಏರ್ ರೈಫಲ್ಲಿನ ಹತ್ತು ಮೀಟರಿನಲ್ಲಿ ಅದೇ ಒಂದು ಟಿಕ್ ಮುಕ್ಕಾಲು ಮಿಲಿಮೀಟರೂ ಇಲ್ಲ. "ತಿರುಗಿಸಿದರೂ ಏನೂ ಆಗುತ್ತಿಲ್ಲ" ಎನ್ನುವ ಹುಡುಗರ ದೂರಿಗೆ ಎಷ್ಟೋ ಸಲ ಇದೇ ಕಾರಣ.

## ಮೊದಲ ಗುಮಾನಿ ಸ್ಕ್ರೂ ಮೇಲೆ

ಗುಂಪು ಹರಡಿದೆ ಎಂದಾದರೆ ಖರ್ಚಿಲ್ಲದ ಜಾಗದಿಂದ ಹುಡುಕಾಟ ಶುರು ಮಾಡಿ. ಅಂದರೆ ಸ್ಕ್ರೂ. ರೈಫಲ್ಲಿನಲ್ಲಿ ಮೂರು ಕಡೆ ಸ್ಕ್ರೂಗಳಿವೆ. ಸ್ಕೋಪನ್ನು ಸುತ್ತಿದ ಬಳೆಯ ಸ್ಕ್ರೂ, ಬಳೆಯನ್ನು ಕೋವಿಗೆ ಕೂರಿಸಿದ ಸ್ಕ್ರೂ, ಕೋವಿಯ ಕಬ್ಬಿಣದ ಭಾಗವನ್ನು ಮರಕ್ಕೆ ಹಿಡಿಸಿದ ಸ್ಕ್ರೂ. ಮೊದಲ ಎರಡನ್ನು ಎಲ್ಲರೂ ನೋಡುತ್ತಾರೆ. ಮೂರನೆಯದು ಅಡಿಯಲ್ಲಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಡಿಲ ಇದೆಯಾ ಎಂದು ಕೈಯಲ್ಲಿ ಅಲುಗಾಡಿಸಿ ನೋಡುವುದು ಸಾಲದು. ಕಾಗದದ ದಪ್ಪದಷ್ಟು ಸಡಿಲ ಕೈಗೆ ಗೊತ್ತಾಗುವುದಿಲ್ಲ. ಬಳೆಯ ಅಂಚಿಗೆ ತಾಗಿದ ಹಾಗೆ ಸ್ಕೋಪಿನ ಮೇಲೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆಯಿರಿ. ಹತ್ತು ಗುಂಡಿನ ನಂತರ ಗೆರೆ ಬಳೆಯಿಂದ ದೂರ ಬಂದಿದ್ದರೆ ಸ್ಕೋಪು ಜಾರುತ್ತಿದೆ ಎಂದೇ ಅರ್ಥ.

ಹಾಗೆಂದು ಪಂಪ್‌ಸೆಟ್ಟಿನ ಬೋಲ್ಟಿನಂತೆ ಜಗ್ಗಿ ಬಿಗಿಯಬೇಡಿ. ಸ್ಕೋಪಿನ ಕೊಳವೆ ತೆಳುವಾದ ಅಲ್ಯೂಮಿನಿಯಂ. ಜಾಸ್ತಿ ಬಿಗಿದರೆ ಅಪ್ಪಚ್ಚಿಯಾಗಿ ಒಳಗಿನ ಭಾಗ ಸಿಕ್ಕಿಕೊಳ್ಳುತ್ತದೆ. ಎರಡೂ ಬದಿಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದರಂತೆ ಬಿಗಿಯಬೇಕು. ಕಾರಿನ ಚಕ್ರದ ನಟ್ ಬಿಗಿದ ಹಾಗೆ.

## ಮಳೆಗಾಲದ ಮರ

ಇನ್ನು ನಮ್ಮ ಜಿಲ್ಲೆಯದೇ ಆದ ತೊಂದರೆ. ಒಣ ಊರಿನವರಿಗೆ ಇದು ಅಷ್ಟಾಗಿ ಕಾಡುವುದಿಲ್ಲ.

ಜುಲೈ ತಿಂಗಳಲ್ಲಿ ಮನೆಯ ಹಿಂಬಾಗಿಲು ಹಾಕಲು ಬರುವುದಿಲ್ಲ, ಅಲ್ವಾ? ಮರ ನೀರು ಕುಡಿದು ಉಬ್ಬಿರುತ್ತದೆ. ಫೆಬ್ರವರಿಯಲ್ಲಿ ಅದೇ ಬಾಗಿಲು ಸಲೀಸು. ಕೋವಿಯ ಮರವೂ ಮರವೇ. ಎಣ್ಣೆ ಹಚ್ಚಿ ಹೊಳೆಯುವ ಹಾಗೆ ಮಾಡಿದ್ದರೂ ಒಳಭಾಗಕ್ಕೆ, ನಳಿಕೆ ಕೂರುವ ತೋಡಿಗೆ, ಬಹಳ ಸಲ ಏನೂ ಹಚ್ಚಿರುವುದಿಲ್ಲ. ತೇವ ಒಳಹೋಗುವುದು ಅಲ್ಲಿಂದಲೇ.

ಮರ ಉಬ್ಬಿದರೆ ಗುರಿಗೇನು ಸಂಬಂಧ? ಗುಂಡು ಹಾರುವ ಕ್ಷಣದಲ್ಲಿ ನಳಿಕೆ ಕಂಪಿಸುತ್ತದೆ, ಗಂಟೆ ಬಾರಿಸಿದ ಹಾಗೆ. ಪ್ರತಿ ಸಲವೂ ಒಂದೇ ರೀತಿ ಕಂಪಿಸಿದರೆ ಗುಂಡೂ ಒಂದೇ ಕಡೆ ಹೋಗುತ್ತದೆ. ಗಂಟೆಯ ಬದಿಗೆ ಬೆರಳು ಮುಟ್ಟಿಸಿ ಬಾರಿಸಿ ನೋಡಿ, ಸದ್ದೇ ಬೇರೆ. ಉಬ್ಬಿದ ಮರ ನಳಿಕೆಯ ಬದಿಗೆ ಹಾಗೇ ಬೆರಳು ಮುಟ್ಟಿಸುತ್ತದೆ. ಇವತ್ತು ಎಡಕ್ಕೆ, ಬಿಸಿಲು ಬಂದ ಮೇಲೆ ಇನ್ನೊಂದು ಕಡೆಗೆ. ಬೇಕೆಂದೇ ತುದಿಯಲ್ಲಿ ಮರ ನಳಿಕೆಗೆ ತಾಗುವ ಹಾಗೆ ಮಾಡಿದ ಕೋವಿಗಳೂ ಇವೆ. ಅವುಗಳಲ್ಲಿ ಆ ಒತ್ತು ಬದಲಾಗದೆ ಇರುವುದು ಮುಖ್ಯ. ಉಳಿದವುಗಳಲ್ಲಿ ನಳಿಕೆ ಮರಕ್ಕೆ ತಾಗಲೇಬಾರದು. ಪರೀಕ್ಷೆಗೆ ಒಂದು ಹತ್ತು ರೂಪಾಯಿ ನೋಟು ಸಾಕು. ನಳಿಕೆಗೂ ಮರಕ್ಕೂ ನಡುವೆ ನೋಟು ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ತಾಗುತ್ತಿದೆ.

ಭಾವನ ಕೋವಿಯಲ್ಲಿ ನೋಟು ಸಲೀಸಾಗಿ ಬಂತು. ಅವನಿಗೆ ಖುಷಿ, ನನಗೆ ತಲೆಬಿಸಿ. ಆಮೇಲೆ ಅಡಿಯ ಸ್ಕ್ರೂಗೆ ಕೈ ಹಾಕಿದರೆ ಮುಂದಿನದು ಮುಕ್ಕಾಲು ಸುತ್ತು ತಿರುಗಿತು.

ಯಾರೂ ಮುಟ್ಟದ ಸ್ಕ್ರೂ ಸಡಿಲಾಗಿದ್ದು ಹೇಗೆ? ಗುದ್ದಲಿ ಕಾವಿನ ಹಾಗೆ. ಕಾವು ಸಡಿಲಾದರೆ ನಾವು ಗುದ್ದಲಿಯನ್ನು ನೀರಲ್ಲಿ ಇಡುತ್ತೇವೆ. ಮರ ಉಬ್ಬಿ ಗಟ್ಟಿಯಾಗುತ್ತದೆ. ಆದರೆ ಕಬ್ಬಿಣದ ಕಣ್ಣು ಅಗಲವಾಗುವುದಿಲ್ಲವಲ್ಲ. ಉಬ್ಬಲು ಜಾಗವಿಲ್ಲದ ಮರದ ನಾರು ತನ್ನನ್ನು ತಾನೇ ಜಜ್ಜಿಕೊಳ್ಳುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಣ್ಣದಾಗುತ್ತದೆ, ಕಾವು ಮೊದಲಿಗಿಂತ ಜಾಸ್ತಿ ಸಡಿಲ. ಸ್ಕ್ರೂ ಬಿಗಿದಿದ್ದ ಭಾವನ ಕೋವಿಯ ಮರ ಮಳೆಗಾಲದಲ್ಲಿ ಉಬ್ಬಿ ಜಜ್ಜಿಕೊಂಡಿತ್ತು. ನವೆಂಬರಿನ ಒಣ ಹವೆಗೆ ಕುಗ್ಗಿತು. ಸ್ಕ್ರೂ ಇದ್ದಲ್ಲೇ ಇತ್ತು, ಮರವೇ ಹಿಂದೆ ಸರಿದಿತ್ತು. ಠಾಣೆಯವರದೂ ತಪ್ಪಿಲ್ಲ, ಸ್ಕೋಪಿನದೂ ತಪ್ಪಿಲ್ಲ.

## ಸ್ಕೋಪಿನ ಮೇಲೆ ಅನುಮಾನ ಬಂದರೆ

ಸ್ಕ್ರೂ, ಮರ ಎಲ್ಲ ನೋಡಿಯಾದ ಮೇಲೆ ಸ್ಕೋಪಿಗೆ ಬನ್ನಿ. ಅದಕ್ಕೊಂದು ಒಳ್ಳೆಯ ಪರೀಕ್ಷೆ ಇದೆ. ಒಂದೇ ಚುಕ್ಕೆಗೆ ಗುರಿಯಿಟ್ಟು ಹೊಡೆಯಿರಿ. ಆಮೇಲೆ 20 ಟಿಕ್ ಮೇಲೆ, ಅದೇ ಚುಕ್ಕೆಗೆ ಹೊಡೆಯಿರಿ. ಹಾಗೇ 20 ಟಿಕ್ ಬಲಕ್ಕೆ, 20 ಕೆಳಗೆ, 20 ಎಡಕ್ಕೆ. ಕಾಗದದ ಮೇಲೆ ಚೌಕ ಮೂಡಬೇಕು, ಕೊನೆಯ ಗುಂಡು ಮೊದಲನೆಯದರ ಪಕ್ಕಕ್ಕೇ ಬರಬೇಕು. ಚೌಕ ಸೊಟ್ಟಗಾದರೆ ಒಳಗಿನ ಸ್ಪ್ರಿಂಗ್ ಸೋತಿರಬಹುದು. ಇದಕ್ಕಿಂತ ಸುಲಭ ಎಂದರೆ ಸ್ನೇಹಿತರ ಚೆನ್ನಾಗಿರುವ ಸ್ಕೋಪನ್ನು ಒಂದು ದಿನ ಹಾಕಿ ನೋಡುವುದು. ಗುಂಪು ಆಗಲೂ ಹರಡಿದರೆ ಸ್ಕೋಪು ನಿರಪರಾಧಿ.

ಕೆಡದ ಸ್ಕೋಪಿನಲ್ಲೂ ಒಂದು ಮೋಸ ಇರುತ್ತದೆ. ಕಾರವಾರದ ಕಡಲತೀರದಲ್ಲಿ ನಿಂತು, ಕೈ ಚಾಚಿ ಹೆಬ್ಬೆರಳನ್ನು ಕೂರ್ಮಗಡ ದ್ವೀಪಕ್ಕೆ ಅಡ್ಡ ಹಿಡಿಯಿರಿ. ಒಮ್ಮೆ ಎಡಗಣ್ಣು ಮುಚ್ಚಿ, ಒಮ್ಮೆ ಬಲಗಣ್ಣು ಮುಚ್ಚಿ. ಬೆರಳು ದ್ವೀಪದ ಮೇಲೆ ಅತ್ತಿತ್ತ ಹಾರುತ್ತದೆ. ಬೆರಳು ಹತ್ತಿರ, ದ್ವೀಪ ದೂರ ಇರುವುದೇ ಕಾರಣ. ಸ್ಕೋಪಿನೊಳಗಿನ ಅಡ್ಡಗೆರೆಯೂ ಗುರಿಯ ಚಿತ್ರವೂ ಒಂದೇ ದೂರದಲ್ಲಿ ಮೂಡದಿದ್ದರೆ ಹೀಗೇ ಆಗುತ್ತದೆ. ಕಣ್ಣು ಸ್ವಲ್ಪ ಸರಿದರೂ ಗೆರೆ ಗುರಿಯ ಮೇಲೆ ಓಡಾಡುತ್ತದೆ. ಇದನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ದೊಡ್ಡ ರೈಫಲ್ಲಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಮೀಟರಿನ ಆಸುಪಾಸಿಗೆ ಸರಿಹೊಂದಿಸಿರುತ್ತಾರೆ. ಅಂಥದ್ದನ್ನು ಏರ್ ರೈಫಲ್ಲಿಗೆ ಹಾಕಿ ಹತ್ತು ಮೀಟರಿಗೆ ಹೊಡೆದರೆ, ಕಣ್ಣು ಅಂಚಿಗೆ ಸರಿದಾಗ ಒಂದು ಸೆಂಟಿಮೀಟರಿಗೂ ಜಾಸ್ತಿ ತಪ್ಪಬಹುದು. ದೂರ ಹೊಂದಿಸುವ ಉಂಗುರ ಇರುವ ಸ್ಕೋಪು ತೆಗೆದುಕೊಳ್ಳಿ. ಇಲ್ಲದಿದ್ದರೆ ಕೆನ್ನೆ ಪ್ರತಿ ಸಲವೂ ಮರದ ಒಂದೇ ಜಾಗಕ್ಕೆ ತಾಗಲಿ.

ಕರಾವಳಿಯಲ್ಲಿ ಗಾಜಿಗೆ ಬೂಸ್ಟು ಹಿಡಿಯುವುದೂ ಇದೆ. ಜೇಡರ ಬಲೆಯಂಥ ಎಳೆಗಳು ಒಳಗೆ ಕಂಡರೆ ಅದೇ. ಹಳೆಯ ಕ್ಯಾಮೆರಾ ಇಟ್ಟವರಿಗೆ ಪರಿಚಯದ ಕಾಟ. ಇದರಿಂದ ಚಿತ್ರ ಮಸುಕಾಗುತ್ತದೆಯೇ ಹೊರತು ಗುಂಪು ತೆಂಗಿನಕಾಯಿಯಷ್ಟು ಹರಡುವುದಿಲ್ಲ.

## ನಳಿಕೆ, ತೋಟಾ, ಗಾಳಿ

ನಳಿಕೆಯ ಒಳಗೆ ಸುರುಳಿ ಗೆರೆಗಳಿವೆ. ಗುಂಡನ್ನು ಬುಗುರಿಯ ಹಾಗೆ ತಿರುಗಿಸುವುದು ಅವುಗಳ ಕೆಲಸ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಗೆರೆಗಳಲ್ಲಿ ಸೀಸ, ಮಸಿ ತುಂಬಿದರೆ ಅಥವಾ ಉಪ್ಪು ಗಾಳಿಗೆ ತುಕ್ಕು ತಿಂದರೆ ಹಿಡಿತ ತಪ್ಪುತ್ತದೆ.

ಇನ್ನೂ ಸೂಕ್ಷ್ಮವಾದದ್ದು ನಳಿಕೆಯ ಬಾಯಿ. ಗುಂಡು ಕೊನೆಯದಾಗಿ ಬಿಡುವ ಅಂಚು ಅದು. ಅಲ್ಲಿ ಒಂದು ಬದಿ ಸವೆದಿದ್ದರೆ ಹಿಂದಿನ ಬಿಸಿಗಾಳಿ ಆ ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಬಾಯಿಯ ಕಡೆಯಿಂದ ಕಬ್ಬಿಣದ ಸರಳು ತೂರಿಸಿ ಉಜ್ಜುವವರು ಈ ಅಂಚನ್ನು ತಾವೇ ಹಾಳು ಮಾಡುತ್ತಾರೆ. ಬೋಲ್ಟ್ ತೆಗೆಯಲು ಬರುವ ಕೋವಿಯನ್ನು ಹಿಂದಿನಿಂದಲೇ ಸ್ವಚ್ಛ ಮಾಡಿ. ಮಳೆಗಾಲಕ್ಕೆಂದು ಹಚ್ಚಿದ ಎಣ್ಣೆಯನ್ನು ಹೊಡೆಯುವ ಮೊದಲು ಒರೆಸಿ ತೆಗೆಯಬೇಕು. ಇಲ್ಲದಿದ್ದರೆ ಮೊದಲ ಗುಂಡು ಬೇರೆಲ್ಲೋ ಹೋಗುತ್ತದೆ, ಎಣ್ಣೆ ಜಾಸ್ತಿ ನಿಂತಿದ್ದರೆ ನಳಿಕೆಗೇ ಅಪಾಯ.

ತೆಳು ನಳಿಕೆ ಬಿಸಿಯಾದರೂ ಗುಂಪು ಸರಿಯುತ್ತದೆ. .22ಕ್ಕೆ ಇದು ಅಷ್ಟಾಗಿ ತಾಗದು. .315ರಂಥ ದೊಡ್ಡ ರೈಫಲ್ಲಿನಲ್ಲಿ ಮೂರನೇ ಗುಂಡಿನ ನಂತರ ಒಂದು ಕವಳ ಹಾಕುವಷ್ಟು ಹೊತ್ತು ಬಿಟ್ಟು ಹೊಡೆಯಿರಿ.

ತೋಟಾ ವಿಷಯ ವಿಚಿತ್ರ. ಒಂದೇ ಅಂಗಡಿಯ ಎರಡು ಡಬ್ಬಿ ಬೇರೆ ಬೇರೆ ರೀತಿ ಹೋಗಬಹುದು, .22ರಲ್ಲಂತೂ ಇದು ಎದ್ದು ಕಾಣುತ್ತದೆ. ಒಂದೇ ದಿನ ಎರಡು ಮೂರು ಬಗೆಯ ತೋಟಾ ಬೆರೆಸಿ ಹೊಡೆದು ಕೋವಿಯನ್ನು ಬೈಯಬೇಡಿ. ಗಾಳಿಯ ಬಗ್ಗೆ ಹೇಳುವುದು ಕಡಿಮೆ. ಕರಾವಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಏಳುತ್ತದೆ. ಪರೀಕ್ಷೆಯನ್ನು ಬೆಳಿಗ್ಗೆಯೇ ಮುಗಿಸಿ. ದೂರವನ್ನೂ ಬದಲಾಯಿಸಬೇಡಿ. 50 ಮೀಟರಿಗೆ ಝೀರೋ ಮಾಡಿದ .22 ಗುಂಡು 100 ಮೀಟರಿನಲ್ಲಿ ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. ಅದು ದೋಷವಲ್ಲ, ಭೂಮಿಯ ಸೆಳೆತ.

## ಏರ್ ರೈಫಲ್ ಬೇರೆಯೇ ಜಾತಿ

ನಳಿಕೆ ಮಡಚಿ ಸ್ಪ್ರಿಂಗ್ ಎಳೆಯುವ ಏರ್ ರೈಫಲ್ ನೋಡಲು ಪಾಪದ್ದು. ಸ್ಕೋಪಿಗೆ ಮಾತ್ರ ದೊಡ್ಡ ಕೋವಿಗಿಂತ ಹೆಚ್ಚು ಏಟು ಕೊಡುತ್ತದೆ. ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ಕೋವಿ ಹಿಂದೆ ಒದೆಯುತ್ತದೆ. ಪಿಸ್ಟನ್ ಗಕ್ಕನೆ ನಿಂತಾಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಈ ಎರಡನೇ ಏಟನ್ನು ತಡೆಯುವ ಹಾಗೆ ಮಾಡದ ಸ್ಕೋಪು ಬೇಗ ಕೆಡುತ್ತದೆ, ಬಳೆಗಳೂ ಹಿಂದಕ್ಕೆ ಜಾರುತ್ತವೆ.

ಹಿಡಿಯುವ ರೀತಿಯೂ ಬೇರೆ. ಗಟ್ಟಿಯಾಗಿ ಹಿಡಿದಷ್ಟೂ ಗುಂಪು ಹರಡುತ್ತದೆ. ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಇನ್ನೂ ನಳಿಕೆಯೊಳಗೆ ಇರುವಾಗಲೇ ಕೋವಿ ಜಗ್ಗಲು ಶುರುವಾಗಿರುತ್ತದೆ, ನಿಮ್ಮ ಹಿಡಿತ ಪ್ರತಿ ಸಲ ಬೇರೆಯಾದರೆ ಜಗ್ಗುವುದೂ ಬೇರೆಯಾಗುತ್ತದೆ. ಮುಂದಿನ ಅಂಗೈ ಬಿಡಿಸಿ, ಅದರ ಮೇಲೆ ಮರವನ್ನು ಸುಮ್ನೆ ಮಲಗಿಸಿ. ಪೆಲೆಟ್ಟುಗಳಲ್ಲಿ ಹಿಂದಿನ ಲಂಗದಂಥ ಅಂಚು ನಜ್ಜಿದವನ್ನು ಆರಿಸಿ ಬದಿಗಿಡಿ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಮುಂದೆ ತಡೆಯುವ ಗಾಳಿ ಇಲ್ಲದೆ ಪಿಸ್ಟನ್ ಕಬ್ಬಿಣಕ್ಕೇ ಬಡಿಯುತ್ತದೆ.

## ಹೊಡೆಯುವವರ ಪಾಲು

ಇದನ್ನು ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ. ಸದ್ದಿಗೆ, ಒದೆತಕ್ಕೆ ಮೈ ಮೊದಲೇ ಬೆದರುತ್ತದೆ. ಟ್ರಿಗರ್ ಒತ್ತುವ ಮೊದಲು ಕಣ್ಣು ಮುಚ್ಚುತ್ತದೆ, ಭುಜ ಮುಂದೆ ಬರುತ್ತದೆ. ಗೊತ್ತೇ ಆಗುವುದಿಲ್ಲ.

ಪತ್ತೆ ಮಾಡುವ ದಾರಿ ಇದೆ. ರೇಂಜಿನಲ್ಲಿ ಇನ್ನೊಬ್ಬರ ಕೈಯಲ್ಲಿ ತೋಟಾ ತುಂಬಿಸಿಕೊಳ್ಳಿ. ಅವರು ನಿಮಗೆ ಹೇಳದೆ ನಡುವೆ ಒಂದೆರಡು ಸಲ ಮದ್ದಿಲ್ಲದ ಡಮ್ಮಿ ತೋಟಾ ಹಾಕಲಿ. ಸದ್ದಿಲ್ಲದ ಆ ಕ್ಷಣದಲ್ಲಿ ನಳಿಕೆ ಗಬಕ್ಕನೆ ಕೆಳಗೆ ಬಾಗಿದರೆ ಕಳ್ಳ ಸಿಕ್ಕ ಹಾಗೆ. ಇನ್ನೊಂದು ದಾರಿ ಎಂದರೆ ಅದೇ ಕೋವಿ, ಅದೇ ತೋಟಾ ಬೇರೆ ಒಳ್ಳೆಯ ಗುರಿಕಾರರ ಕೈಗೆ ಕೊಟ್ಟು ನೋಡುವುದು.

## ಭಾವನ ಕೋವಿ ಏನಾಯಿತು

ಅಡಿಯ ಎರಡೂ ಸ್ಕ್ರೂ ಬಿಗಿದೆವು. ಬೇರೇನೂ ಮುಟ್ಟಲಿಲ್ಲ. ಎರಡು ಕಡೆ ಒಟ್ಟಿಗೆ ರಿಪೇರಿ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದೇ ತಿಳಿಯುವುದಿಲ್ಲ. ಮುಂದಿನ ಸಲ ರೇಂಜಿನಲ್ಲಿ ಐದು ಗುಂಡು ಮತ್ತೆ ನಾಣ್ಯದ ಗಾತ್ರಕ್ಕೆ ಬಂದವು. ಎಡಕ್ಕೆ, ಸ್ವಲ್ಪ ಕೆಳಗೆ. ಆಮೇಲೆ ಟಿಕ್ ಲೆಕ್ಕ ಹಾಕಿ ಚುಕ್ಕೆಗೆ ತಂದೆವು.

ಮರದ ಒಳತೋಡಿಗೆ ಬೇಸಿಗೆಯಲ್ಲಿ, ಮರ ಚೆನ್ನಾಗಿ ಒಣಗಿದಾಗ, ವಾರ್ನಿಷ್ ಹಚ್ಚಲು ಹೇಳಿದ್ದೇನೆ. ಕ್ಯಾನ್ವಾಸ್ ಚೀಲ ನೀರು ಹೀರಿಕೊಂಡು ಕಬ್ಬಿಣಕ್ಕೇ ಅಂಟಿಸಿಡುವುದರಿಂದ ಅದರಲ್ಲಿ ಮಳೆಗಾಲ ಕಳೆಯುವುದು ಬೇಡ. ಬೀಗದ ಕಪಾಟಿನಲ್ಲಿ, ಒಲೆಯ ಗೋಡೆಗೆ ಹತ್ತಿರ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ಆಯಿತು. ತೋಟಾ ಬೇರೆ ಬೀಗದಲ್ಲಿ.

ಎರಡನೇ ಸ್ಕೋಪನ್ನು ವಾಪಸ್ ಕಳಿಸುವ ದಿನ ದಾಟಿಹೋಗಿತ್ತು. ಅದು ಡಬ್ಬಿಯಲ್ಲೇ ಇದೆ. ಯಾರಿಗಾದರೂ ಬೇಕಾದರೆ ಹೇಳು ಎಂದು ಭಾವ ಈಗಲೂ ಕೇಳುತ್ತಿರುತ್ತಾನೆ.